ಎರಡು ರೂಪಾಯಿ ಬಾಕಿ

ಒಂದು ಮುಂಜಾನೆ ಚಾ ಎಡಗಡೆಯಿಂದ ಸೋರಿತು.
ಬಸಿ ಒಡದೈತೇನಂತ ತಿರುವಿ ನೋಡಿದೆ.
ಬಸಿ ನೆಟ್ಟಗಿತ್ತು.
ಸೋರಾಕತ್ತಿದ್ದು ನನ್ನ ಮಾರಿ.

ಹುಬ್ಬಳ್ಳಿ–ಗದಗ, ಹನ್ನೊಂದು ವರ್ಷ,
ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ,
ಬಾಯಾಗ ಸೀಟಿ.
ಆವತ್ತು ಊದಿದರ
ಉಸಿರು ಪಕ್ಕದಿಂದ ಹಾದು ಹೋತು
ಪಂಕ್ಚರ್ ಟೈರಿನಂಗ.
ಡ್ರೈವರ್ ಫಕ್ಕೀರಪ್ಪ ಹೊಳ್ಳಿ ನೋಡಿದವನು
ಇಂಜಿನ್ ಬಂದ್ ಮಾಡಿದ.

ದವಾಖಾನಿಯೊಳಗ ಗುಳಿಗಿ ಕೊಟ್ಟರು,
ರಾತ್ರಿ ಮುಚ್ಚದ ಕಣ್ಣಿಗೆ ಪಟ್ಟಿ ಕೊಟ್ಟರು,
ಆಮ್ಯಾಲೆ ಮೂರನೇ ಮಾಳಿಗಿಗೆ
ಶಮೀಮ್ ಮೇಡಂ ಕಡೆ ಕಳಿಸಿದರು.
ಗ್ವಾಡಿ ತುಂಬ ಕನ್ನಡಿ.
"ನಗ್ರಿ" ಅಂದರು.
ನಕ್ಕೆ, ಇದ್ದ ಬಲಾನೆಲ್ಲ ಹಾಕಿ.
ಬಲಗಡೆ ಗಲ್ಲ ಕಿವಿಗೆ ಹತ್ತಿತು,
ಎಡಗಡೆಯದು
ಸಂತಿ ಮುಗದ ಮ್ಯಾಲಿನ ತಾಡಪತ್ರಿ.

"ಜೋರು ಮಾಡಬ್ಯಾಡ್ರಿ.
ಜೋರು ಮಾಡಿದರ ನರ ದಾರಿ ತಪ್ಪತಾವ,
ಮುಂದ ನಕ್ಕಾಗೆಲ್ಲ ಕಣ್ಣು ಮುಚ್ಚತೈತಿ.
ಮೊದಲ ಬಿಡೋದು ಕಲೀರಿ."

ಬಿಡೋದು!
ಬಸ್ ಸ್ಟ್ಯಾಂಡಿನ್ಯಾಗ ಗಂಡಸರ ನಡುವ
ಹಲ್ಲು ಕಚ್ಚಿ ನಿಂತಾಕಿ ನಾನು.
ದವಡಿ ಹನ್ನೊಂದು ವರ್ಷದಿಂದ ಡ್ಯೂಟಿ ಮ್ಯಾಲೆ ಐತಿ,
ಒಂದು ರಜಾ ಚೀಟಿ ಬರದಿಲ್ಲ.

ಗಲ್ಲಕ್ಕ ಬಿಸಿ ಅರಿವಿ.
ನಾಲಿಗಿ ತುದಿ ಕೆಳಗಿನ ಹಲ್ಲಿನ ಹಿಂದ.
ದವಡಿ ತೂಗಬಿಡು, ಹಗ್ಗದ ಮ್ಯಾಲಿನ ಸೀರಿಯಂಗ.
ಹುಬ್ಬಿನ ನಡುವಿನ ಗಂಟು ಬೆರಳಿಂದ ಸವರಿದರ
ಒಳಗ ಹಳೇ ಜಗಳೊಂದು ಮಿಸುಕಾಡಿತು:
ಹುಲಕೋಟಿಗೆ ಇಳಿಯೋ ಗಿರಣಿ ಕಾರಕೂನ ಈರಬಸಪ್ಪ,
ದಿನಾ ಅದ ಎರಡು ರೂಪಾಯಿ ಚಿಲ್ಲರಿ.

ಆಮ್ಯಾಲೆ "ಈ" ಅಂತ, ಸಣ್ಣಗ.
"ಊ" ಅಂತ, ಇನ್ನೂ ಸಣ್ಣಗ.
ಸೋಜಿಗ ಅಂದರ, ಕೆಟ್ಟ ಗಲ್ಲಕ್ಕಿಂತ
ನೆಟ್ಟಗಿದ್ದದ್ದಕ್ಕ ಪಾಠ ಹೆಚ್ಚು.
"ಬಲಗಡೆದಕ್ಕ ಹಗೂರ ಅನ್ರಿ,
ಎಲ್ಲಾ ತಾನ ಎಳಕೊಳ್ಳಾಕ ಹತ್ತೈತಿ ಅದು."
ನಾಕು ತಿಂಗಳು ಬೆರಳಿಟ್ಟು ತಡದೆ ಅದನ್ನ,
ಬಾಗಲದಾಗ ನುಗ್ಗೋ ಕಾಲೇಜು ಹುಡುಗರನ್ನ ತಡದಂಗ.
ಒಂದು ರವಿವಾರ ಎಡಗಡೆ
ಜ್ವಾಳದ ಕಾಳಿನಷ್ಟು ಅಲುಗಿತು.
ಮಗಳನ್ನ ಕರದೆ.
ಅಕಿ ಬಂದು ನೋಡೂದರಾಗ ನಿಂತಿತ್ತು.
"ಸುಳ್ಳು" ಅಂದಳು.

ಹೊಳ್ಳಿ ಡ್ಯೂಟಿಗೆ ಬಂದೆ,
ಕನ್ನಡಿ ಮುಂದ ರೂಢಿಸಿದ ನಗಿ ಒಂದು
ಇಸ್ತ್ರಿ ಮಾಡಿದ ಕರವಸ್ತ್ರದಂಗ ಕಿಸೆದಾಗಿಟ್ಟು.
ಡಿಪೋದಾಗ ತಗದೆ. ಯಾರೂ ನೋಡಲಿಲ್ಲ.
ಶಿರಗುಪ್ಪಿಯೊಳಗ ಹತ್ತಿದಾಕಿ ಒಬ್ಬಾಕಿ
"ಯಾಕವಾ, ಹಲ್ಲು ನೋಯ್ತಾವೇನು?" ಅಂದಳು.
ಮಡಚಿ ಒಳಗಿಟ್ಟೆ.

ಅಣ್ಣಿಗೇರಿ ದಾಟಿತ್ತು. ಹೊರಗ ಕಡ್ಲಿ, ಕುಸುಬಿ.
ಕಿಟಕಿ ಬಾಜು ಈರಬಸಪ್ಪ, ಕೈಯಾಗ ನೋಟು.
ಯಂತ್ರ ಚೀಟಿ ಉಗುಳಿತು.
ಚೀಲದ ತಳಾ ಕೆದರಿದೆ.
ಎರಡು ರೂಪಾಯಿ ಇರಲಿಲ್ಲ.
ದವಡಿ ತಾನ ಬಿಗೀತು, ಕಾಯಾಕ ಹತ್ತಿತು.

ಆತ ಪೆನ್ನು ತಗದು
ಚೀಟಿ ಹಿಂದ ತಾನ ಬಾಕಿ ಬರಕೊಂಡ.
"ನೀವು ಇಲ್ಲದ ನಾಕು ತಿಂಗಳು, ಬಾಯಾರ,
ಬ್ಯಾರೆ ಕಂಡಕ್ಟರ್ ದಿನಾ ಬರೋಬ್ಬರಿ ಚಿಲ್ಲರಿ ಕೊಟ್ಟ.
ಹುಲಕೋಟಿ ಭಾಳ ದೂರ ಅನ್ಸಾಕ ಹತ್ತಿತ್ತು ನೋಡ್ರಿ."

ನಾನು ಏನೂ ಮಾಡಲಿಲ್ಲ.
ಈ ಅನ್ನಲಿಲ್ಲ, ಊ ಅನ್ನಲಿಲ್ಲ,
ಬಲಗಡೆದಕ್ಕ ಬೆರಳಿಡಲಿಲ್ಲ.
ಫಕ್ಕೀರಪ್ಪನ ತಲಿ ಮ್ಯಾಲಿನ ಕನ್ನಡಿಯೊಳಗ
ಯಾರೋ ಹೆಣ್ಮಗಳು, ಖಾಕಿ ಅಂಗಿ,
ಎಡಗಡೆ ಒಂದೀಟು ತಡಾ ಮಾಡಿ
ನಗಾಕತ್ತಿದ್ದಳು.
ಕಣ್ಣು ಎರಡೂ ತೆರದಿದ್ದುವು.

ಹುಲಕೋಟಿ ಬಂತು. ಸೀಟಿ ಊದಿದೆ.
ಅರ್ಧ ಉಸಿರು ಪಕ್ಕದಿಂದ ಹೋತು,
ಅರ್ಧ ಕೂಗಿತು.
ಫಕ್ಕೀರಪ್ಪಗ ಅಷ್ಟು ಸಾಕಾತು, ಬ್ರೇಕ್ ಒತ್ತಿದ.
ಈರಬಸಪ್ಪ ಇಳದು, ಧೂಳಿನೊಳಗ ನಿಂತು,
ಎರಡು ಬೆರಳು ಎತ್ತಿ ತೋರಿಸಿದ.