ಅರಮನೆಯಲ್ಲೊಂದು ಬಾಡಿಗೆ ಕೋಣೆ

ಸ್ಪ್ಲಿತ್ ಊರಿನ ಧಕ್ಕೆಗೆ ಹಡಗು ತಾಗಿದಾಗ
ರಟ್ಟಿನ ತುಂಡು ಎದೆಗೊತ್ತಿ ನಿಂತಿದ್ದಳು ನೆವೆಂಕಾ.
ನಾಲ್ಕು ಭಾಷೆಯಲ್ಲಿ ಒಂದೇ ಮಾತು: ಕೋಣೆ ಇದೆ.
ಎಪ್ಪತ್ತು ದಾಟಿದವಳು. ಚೌಕಾಶಿ ಮುಗಿಯುವ ಮೊದಲೇ
ನನ್ನ ಪೆಟ್ಟಿಗೆ ಅವಳ ಕೈಯಲ್ಲಿತ್ತು.

ಕಟಕಟ ಕಟಕಟ ಪೆಟ್ಟಿಗೆಯ ಚಕ್ರ
ಸಾವಿರದೇಳುನೂರು ವರ್ಷದ ಓಣಿಯಲ್ಲಿ.
ಹಾಸುಗಲ್ಲು ಸವೆದು ಸವೆದು
ಬಂಗುಡೆಯ ಹೊಟ್ಟೆಯ ಹಾಗೆ ಮಿರುಗುತ್ತಿತ್ತು;
ಜಾರಿದೆ. ಹಿಂತಿರುಗದೆಯೇ ಅವಳು, ಹರುಕು ಇಂಗ್ಲಿಷಿನಲ್ಲಿ:
"ಎಲ್ಲರೂ ಜಾರುತ್ತಾರೆ. ಚಕ್ರವರ್ತಿಯೂ ಜಾರಿರಬೇಕು."

ಅರಮನೆಯೆಂದರೆ ನಾನೆಣಿಸಿದ್ದು
ಹಗ್ಗ ಬಿಗಿದ ಸಿಂಹಾಸನ, ಮುಟ್ಟಬಾರದೆಂಬ ಫಲಕ.
ಇಲ್ಲಿ ಹಗ್ಗವೇನೋ ಇತ್ತು, ಕಂಬದಿಂದ ಕಂಬಕ್ಕೆ,
ಅದರ ಮೇಲೆ ಯಾರದೋ ಲಂಗ, ಒಂಟಿ ಕಾಲುಚೀಲ.
ಕಮಾನಿನ ಬಗಲಿಗೆ ಕ್ಷೌರದಂಗಡಿ.
ಚಕ್ರವರ್ತಿಯ ಗೋರಿ ಈಗ ಇಗರ್ಜಿ,
ಅವನ ಆಳ್ವಿಕೆಯಲ್ಲೇ ತಲೆ ಕಳಕೊಂಡ ಸಂತನ ಹೆಸರಿನದು.
ಕೊಲ್ಲಿಸಿದವನಿಗೇ ಮನೆ ಬಿಟ್ಟುಕೊಡುವುದು
ಯಾವ ಕರಾರಿನಲ್ಲಿ ಬರುತ್ತದೋ!

ಮೂರು ಮಹಡಿ, ಓರೆ ಮೆಟ್ಟಿಲು.
ಕೋಣೆಯ ಒಂದು ಗೋಡೆ ಸುಣ್ಣದ್ದು, ಒಂದು ರೋಮಿನದು.
ರೋಮಿನ ಕಲ್ಲಿನ ಮೇಲೆ ಪೆನ್ಸಿಲ್ ಗೆರೆಗಳು:
ವಿಂಕಾ, ಎಪ್ಪತ್ತನಾಲ್ಕು. ವಿಂಕಾ, ಎಪ್ಪತ್ತಾರು.
ಎಂಬತ್ತೊಂದರಲ್ಲಿ ಗೇಣುದ್ದ ಜಿಗಿತ.
ಮೂಲೆಯಲ್ಲಿ ಬೆಪೊನ ಫೋಟೊ, ಹಡಗು ಕಟ್ಟೆಯ ಸಮವಸ್ತ್ರದಲ್ಲಿ,
ಬಾಡಿಗೆ ಕೊಡದವರನ್ನು ನೋಡುವ ಕಣ್ಣು.
ಹಾಸಿಗೆಯ ಎಡಬದಿ ಕುಳಿಬಿದ್ದಿತ್ತು.
ದಣಿದಿದ್ದೆ. ಆ ಕುಳಿಯಲ್ಲೇ ಮಲಗಿದೆ.

ಮಧ್ಯಾಹ್ನ ನೆಲಮಾಳಿಗೆ ನೋಡಹೋದೆ.
ಟಿಕೇಟು ಹರಿದುಕೊಟ್ಟ ಹೆಂಗಸಿನ ಗದ್ದದಲ್ಲಿ
ನೆವೆಂಕಾಳದೇ ಗುಳಿ; ಕೇಳಲಿಲ್ಲ, ಸರತಿ ಉದ್ದವಿತ್ತು.
ಒಳಗೆ ತಂಪು, ಮಾರ್ಗದರ್ಶಿಯ ಕೆಂಪು ಕೊಡೆ:
ಮೇಲೆ ಮನೆಮಾಡಿದವರು ನೆಲಕ್ಕೆ ತೂತು ಕೊರೆದು
ತಲೆತಲಾಂತರ ಕಸ ಸುರಿದರಂತೆ ಕೆಳಗೆ.
ಕಸ ತುಂಬಿದ್ದರಿಂದಲೇ ಕಂಬಗಳು ಉಳಿದುವಂತೆ.
ಎಲ್ಲರೂ ನಕ್ಕರು. ನಾನೂ.

ಸಂಜೆ ಅಡುಗೆಮನೆಯಲ್ಲಿ ಆ ಕತೆ ತೆಗೆದೆ,
ಚಕ್ರವರ್ತಿ ಕಿರೀಟ ಬಿಟ್ಟು ಬಂದು
ಇಲ್ಲಿ ಎಲೆಕೋಸು ಬೆಳೆದನಂತಲ್ಲ ಎಂದೆ.
ಅವಳು ಕೋಸೇ ಹೆಚ್ಚುತ್ತಿದ್ದಳು.
"ಬೆಳೆದನಂತೆ! ನೀರು ಹೊತ್ತವರು ಯಾರು?
ಅದನ್ನು ಕೇಳು ನಿನ್ನ ಕೆಂಪು ಕೊಡೆಯವನನ್ನು."

ರಾತ್ರಿ ಎರಡು ಗಂಟೆ. ಬಾಯಾರಿ ಎದ್ದೆ,
ಗೋಡೆ ತಡವುತ್ತ ಅಡುಗೆಮನೆಗೆ ಬಂದರೆ
ಫ್ರಿಜ್ಜಿಗೂ ಮೇಜಿಗೂ ನಡುವೆ ಮಡಚುವ ಮಂಚ,
ಮಂಚದಾಚೆ ಚಾಚಿದ ಎರಡು ಪಾದ.
ಫ್ರಿಜ್ಜಿನ ಮೇಲೆ ತಾರೀಕುಗಳ ಚೀಟಿ,
ಅದರಲ್ಲಿ ನನ್ನ ಹೆಸರು, ಎರಡು ಅಕ್ಷರ ತಪ್ಪಾಗಿ.

ಎದ್ದಳು. ಸಂಕೋಚವೇನೂ ಇಲ್ಲ.
ಲೋಟ ತುಂಬಿದಳು, ಜೊತೆಗೊಂದು ಅಂಜೂರ.
"ಮೇ ತಿಂಗಳಿಂದ ಸೆಪ್ಟೆಂಬರು ಇಲ್ಲೇ.
ಅಕ್ಟೋಬರಿಗೆ ನನ್ನ ಹಾಸಿಗೆ ನನಗೆ.
ಮೊದಲ ವಾರ ನಿದ್ದೆ ಹತ್ತುವುದಿಲ್ಲ ನೋಡು,
ಯಾರದೋ ಮನೆಗೆ ಬಂದ ಹಾಗೆ."

ಹಿಂತಿರುಗಿ ಹಾಸಿಗೆಯ ಬಲಬದಿಗೆ ಮಲಗಿದೆ.
ಅದು ಬೆಪೊನದು ಎಂದು ಹೊಳೆಯಿತು.
ಕುರ್ಚಿಯಲ್ಲಿ ಕೂತೆ, ಗಂಟೆ ಬಡಿಯುವ ತನಕ.

ಬೆಳಿಗ್ಗೆ ಅವಳು ಕೆಳಗಿಳಿದಾಗ
ಬೆನ್ನು ಗೋಡೆಗೊತ್ತಿ ನಿಂತೆ, ಅಂಗೈ ನೆತ್ತಿಗಿಟ್ಟು:
ಎಂಬತ್ತೊಂದರ ವಿಂಕಾಳಿಗಿಂತ ಎರಡು ಬೆರಳು ಕಡಿಮೆ.
ಪೆನ್ಸಿಲ್ ಇತ್ತು ಜೇಬಿನಲ್ಲಿ. ಗೆರೆ ಎಳೆಯಲಿಲ್ಲ.

ಧಕ್ಕೆಯ ತನಕ ಬಂದಳು, ಕಂಕುಳಲ್ಲಿ ರಟ್ಟು.
ಕೈ ಬೀಸಲು ನಾನು ಏಣಿಯ ಮೇಲೆ ತಿರುಗಿದರೆ
ಅವಳಾಗಲೇ ಬೇರೆ ಹಡಗಿನತ್ತ ಮುಖ ಮಾಡಿ
ಯಾರದೋ ಪೆಟ್ಟಿಗೆಯ ಹಿಡಿಯನ್ನು
ಅಳೆಯುತ್ತಿದ್ದಳು.