ಷರಾ

ನಾಲ್ಕು ತಿಂಗಳಾಯಿತು,
ಇನ್ನೂ ಮೊದಲ ಕಾಲಮ್ಮಿನಲ್ಲೇ ಇದ್ದೇವೆ.

ವುಚ್ ನಗರ, ಗುರುವಾರ, ಸಂಜೆ ಏಳು.
ನಿಂತುಹೋದ ನೂಲಿನ ಗಿರಣಿಯ ಹಿಂದೆ
ನನ್ನ ಚಿಕ್ಕಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಕೋಣೆ;
ಬೆಸುಗೆಯ ವಾಸನೆ ಗೋಡೆ ಬಿಟ್ಟು ಹೋಗಿಲ್ಲ.
ಗಸಗಸೆ ಸುತ್ತಿದ ಕೇಕು, ಗಾಜಿನ ಲೋಟದಲ್ಲಿ ಕಪ್ಪು ಚಹಾ,
ಶೂ ಡಬ್ಬಿಗಳಲ್ಲಿ ಎರಡು ಸಾವಿರದ ಮುನ್ನೂರು ಕ್ಯಾಸೆಟ್ಟು.
ಮೂರು ಊರಿನ ಪಟ್ಟಿಗಳು ಒಂದಾಗಬೇಕು:
ಯಾವ ಆಟ, ಯಾವ ಯಂತ್ರದ್ದು,
ಯಾವ ಎಮ್ಯುಲೇಟರಿನಲ್ಲಿ ಏಳುತ್ತದೆ, ಯಾವುದರಲ್ಲಿ ಮಲಗುತ್ತದೆ.
ಅಷ್ಟೇ.
ಅಷ್ಟೇ ಅಂದುಕೊಂಡಿದ್ದೆವು.

ಹೆಸರು ನಂಬಬೇಡಿ, ಅನ್ನುತ್ತಾನೆ ಲೆಸ್ವಾಫ್.
ಹೆಸರು ಸಂತೆಯಲ್ಲಿ ಇಟ್ಟದ್ದು.
ಒಂದೇ ಆಟ ಇಲ್ಲಿ ‘ಮುಳುಗುಗಾರ’, ಸಮುದ್ರದ ಕಡೆ ‘ಕೆರೆಯ ತಳ’,
ಮಾರುವವನಿಗೆ ಅವಸರವಿದ್ದಲ್ಲಿ ಬರೀ ‘ಹನ್ನೆರಡು’.
ಬೈಟುಗಳನ್ನು ಹಿಂಡಿ, ಬಂದ ಮೊತ್ತವೇ ಗುರುತು.
ಎಂಟು ಅಕ್ಷರ. ಸುಳ್ಳು ಹೇಳಲು ಅದಕ್ಕೆ ಬಾಯಿಲ್ಲ.

ಕಿಂಗಾ ಚಮಚ ಕೆಳಗಿಟ್ಟಳು.
ಒಂದು ಬಿಟ್ ಹೊರಳಿದರೆ ಮೊತ್ತ ಬೇರೆ.
ಕೆಮ್ಮಿದವನು ಬೇರೆ ಮನುಷ್ಯನೇನು?
ಆಟಕ್ಕೊಂದು ತಾಯಿಸಾಲು ಇರಲಿ,
ಪ್ರತಿಗಳೆಲ್ಲ ಅದರ ಸೆರಗು ಹಿಡಿದು ನಿಲ್ಲಲಿ.
ತಾಯಿ ಯಾರೆಂದು ಹೇಳುವವರು ಯಾರು?
ಮೊದಲು ಬಂದದ್ದು.
ಮೊದಲು ಬಂದದ್ದು ಯಾವುದು?
ಲೇಬಲ್ಲಿನ ಮೇಲೆ ತಾರೀಖಿಲ್ಲ,
ಬಾಲ್‌ಪೆನ್ನಿನ ನೀಲಿ ಯಾರದೋ ಬೆವರಿಗೆ ಹರಡಿದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರುಂಟು.
ನಮ್ಮ ಕೂಸಿಗೆ ನಲವತ್ತಾಗುತ್ತ ಬಂತು,
ಕುಲಾವಿಯ ಅಳತೆಗೇ ಜಗಳ.
ಅವನ ಮಾತಿಗೆ ನಾನು ಕೋಷ್ಟಕ ಕಟ್ಟುತ್ತೇನೆ,
ಅವಳ ಮಾತಿಗೆ ಕೆಡವುತ್ತೇನೆ.

ಬೋಗುಮಿಲ್ ಮಾತಾಡುವವನಲ್ಲ.
ಮೂವತ್ತೊಂದು ವರ್ಷದಿಂದ ಟ್ರಾಮ್ ಓಡಿಸುವವ,
ಹಳಿ ಇದ್ದಲ್ಲಿ ಹೋಗಿ ರೂಢಿ.
ಆವತ್ತು ಅಂಗಿಯ ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದ.
ಹದಿನಾರರಲ್ಲಿ, ತಂತಿ ಕೊಳ್ಳಲು ಕಾಸಿಲ್ಲದೆ,
ಎರಡು ಟೇಪ್‌ರೆಕಾರ್ಡರುಗಳನ್ನು ಎದುರುಬದುರು ಕೂರಿಸಿ,
ಕಂಬಳಿ ಹೊದಿಸಿ, ಉಸಿರು ಬಿಗಿಹಿಡಿದು ಮಾಡಿದ ನಕಲು.
ಆಗಸ್ಟಿನ ಸೆಕೆ. ಕಿಟಕಿ ತೆರೆದಿತ್ತು.

ಓಡಿಸಿದೆವು. ಕೀರಲು, ಕೊರೆತ, ಮತ್ತೆ ಕೀರಲು.
ಮೂರನೇ ನಿಮಿಷ ಹತ್ತನೇ ಸೆಕೆಂಡಿಗೆ
ಟಣ್ ಟಣ್.
ಟ್ರಾಮಿನ ಗಂಟೆ.
ಪರದೆ ಕಪ್ಪಾಯಿತು.

ಕೆಟ್ಟ ಪ್ರತಿ, ಎಂದ ಲೆಸ್ವಾಫ್, ವೈದ್ಯನ ದನಿಯಲ್ಲಿ.
ಆ ತುಂಡು ಕತ್ತರಿಸಿ ಬೇರೆಯದರಿಂದ ತೇಪೆ ಹಾಕೋಣ, ಎಂದಳು ಕಿಂಗಾ.
ಬೋಗುಮಿಲ್ ಎಂದ: ಆಡಿದ್ದು ಇದನ್ನೇ.
ಆ ಯಂತ್ರ ಇಷ್ಟೊಂದು ಕೇಳುತ್ತಿರಲಿಲ್ಲ, ಎಬ್ಬಿಸುತ್ತಿತ್ತು.
ಏಳನೇ ಹಂತದಲ್ಲಿ ಬಾಗಿಲೊಂದು ಮಾಯ,
ಗೋಡೆಯೊಳಗೇ ಹಾದುಹೋಗಬಹುದು.
ನಮ್ಮ ಬೀದಿಯ ಹುಡುಗರಿಗೆಲ್ಲ ಅದೇ ದಾರಿ.

ಯಾರೂ ಕೇಕು ಮುಟ್ಟಲಿಲ್ಲ.
ಲೆಸ್ವಾಫ್ ಎದ್ದು ತನ್ನ ಡಬ್ಬಿ ಕೆದಕಿದ.
ಬಿದ್ಗೋಷ್ಚ್ ಊರಿನಲ್ಲಿ, ಹತ್ತನೇ ಹುಟ್ಟುಹಬ್ಬಕ್ಕೆ,
ಯಾರದೋ ಅಣ್ಣ ಕೊಟ್ಟ ‘ಹನ್ನೆರಡು’.
ಗೋಡೆ ಹಾಯುವುದು ಆಟದ ಗುಟ್ಟೆಂದೇ ತಿಳಿದಿದ್ದೆ,
ಅಂದ, ನಮ್ಮನ್ನು ನೋಡದೆ.
ದನಿ ಪೂರ್ತಿ ಏರಿಸಿದೆವು. ಮೂರು ಹತ್ತು.
ಮರಳಿನಡಿ ಹೂತಿಟ್ಟ ಹಾಗೆ,
ಕೇಳಿತೋ ಇಲ್ಲವೋ ಎನ್ನುವ ಹಾಗೆ,
ಟಣ್ ಟಣ್.
ಇನ್ನೂರು ಕಿಲೋಮೀಟರು, ಹಳಿಯೇ ಇಲ್ಲದ ಕಡೆ
ಒಂದು ಟ್ರಾಮ್ ಹೋಗಿ ಬಂದಿತ್ತು.

ರಾಜಿ ಆಯಿತೇ? ಎಲ್ಲಿಯದು.
ಈಗ ಕಿಂಗಾ ಗಂಟೆಯೇ ತಾಯಿ ಅನ್ನುತ್ತಾಳೆ,
ಲೆಸ್ವಾಫ್ ಎರಡು ಮೊತ್ತ ಎರಡು ಸಾಲು ಅನ್ನುತ್ತಾನೆ,
ಮೊದಲಿಗಿಂತ ಜೋರಾಗಿ, ಕಣ್ಣೊರೆಸಿಕೊಂಡು.
ನಾನು ಕೊನೆಗೊಂದು ಕಾಲಮ್ ಸೇರಿಸಿದೆ: ಷರಾ.
‘ಮೂರು ಹತ್ತಕ್ಕೆ ಟ್ರಾಮ್. ನಂಬರ್
ಬೋಗುಮಿಲನನ್ನು ಕೇಳಿ.’

ಷರಾ ಖಾಲಿ ಬಿಡಬಹುದೇ, ಕಡ್ಡಾಯವೇ?
ಮುಂದಿನ ಗುರುವಾರ ಅದರದೇ ಚರ್ಚೆ.