ಕಸ ಬಿಸಾಡಲಿಕ್ಕೆ

ನಾಲ್ಕೂವರೆ. ಫಹಾಹೀಲಿನ ಗಾಳಿಗೆ
ಈಗಲೇ ಕುಕ್ಕರಿನ ಉಗಿ.
ಇವತ್ತು ಬೇಡ, ಎಂದಿತು ಮೊಣಕಾಲು.
ನಿನ್ನೆಯೂ ಇದನ್ನೇ ಹೇಳಿತ್ತು,
ಒಪ್ಪಿದ್ದೆ.

ಕೆಳಗಿನ ಮಂಚದಲ್ಲಿ ಇಲ್ಯಾಸನ ಗೊರಕೆ,
ಎಷ್ಟು ನೆಮ್ಮದಿಯ ವಾದ!

ಸರಿ, ನಡೆಯುವುದಿಲ್ಲ.
ರಾತ್ರಿಯ ಮೀನಿನ ತಲೆ ನಾರುತ್ತಿದೆ,
ಕಸವಾದರೂ ಬಿಸಾಡಿ ಬರುವ ಅಂತ
ಎದ್ದೆ. ಕಸಕ್ಕೆ ಚಪ್ಪಲಿ ಸಾಕಿತ್ತು;
ಕೈ ಯಾಕೋ ಶೂ ಹುಡುಕಿತು.
ದಾರ ಬಿಗಿಯುವಾಗ
ನಾನು ನೋಡದವನ ಹಾಗೆ
ಮುಖ ಆಚೆ ತಿರುಗಿಸಿದೆ.

ಡಬ್ಬದ ಮೇಲಿನ ಬೆಕ್ಕು ಇಳಿಯಲಿಲ್ಲ.
ಮುಂದಿನ ಡಬ್ಬ ಸಮುದ್ರದ ಕಡೆಗೆ,
ಇನ್ನೂರು ಹೆಜ್ಜೆ.
ಅದೂ ತುಂಬಿತ್ತು, ದೇವರ ದಯೆ.

ಚೀಲ ಇನ್ನೂ ಕೈಯಲ್ಲೇ. ಬೆವರು ಕಣ್ಣಿಗಿಳಿಯುತ್ತಿದೆ.
ಎದುರು ಬಂದ ಮುದುಕ ಸಲಾಂ ಹೇಳಿದ,
ಚೀಲ ನೋಡಿದ,
ಏನೂ ಕೇಳಲಿಲ್ಲ.